ಮ್ಯಾಪಿಗೆ ಬೈದಿದ್ದು ಸಾಕು, ಪಂಚಾಯಿತಿಯ ರಸ್ತೆ ಪಟ್ಟಿ ಹೊರಗೆ ಬರಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದರೆ ನಮ್ಮ ಕಡೆಯ ಪತ್ರಿಕೆಗಳಲ್ಲಿ ಒಂದು ಸುದ್ದಿ ಖಾಯಂ. ಮ್ಯಾಪ್ ನಂಬಿ ಬಂದ ಪ್ರವಾಸಿಗರ ಕಾರು ಕಾಫಿ ತೋಟದ ಕೆಸರಿನಲ್ಲಿ ಹೂತುಹೋಯಿತು, ಊರವರು ಟ್ರ್ಯಾಕ್ಟರ್ ತಂದು ಎಳೆದರು. ಓದಿ ನಗುತ್ತೇವೆ, ಮ್ಯಾಪಿಗೆ ಎರಡು ಮಾತು ಬೈಯುತ್ತೇವೆ, ಪುಟ ತಿರುಗಿಸುತ್ತೇವೆ. ನಮ್ಮೂರಿನ ದಾರಿಯನ್ನು ಸರಿಯಾಗಿ ಬರೆದಿಡುವ ಕೆಲಸ ಯಾರದ್ದು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಅದನ್ನು ಕೇಳೋಣ ಅಂತಲೇ ಈ ಪತ್ರ.

ನಾನು ಮೂಡಿಗೆರೆ ತಾಲ್ಲೂಕಿನಲ್ಲಿ ಕೊರಿಯರ್ ಹಂಚುವವನು. ಕಡೂರು, ಅರಸೀಕೆರೆ ಕಡೆಯ ಹಾಗೆ ಇಲ್ಲಿ ಊರು ಅಂದರೆ ಮನೆಗಳೆಲ್ಲ ಒಂದೇ ಕಡೆ ಇರುವುದಿಲ್ಲ. ಊರಿನ ಹೆಸರು ಒಂದೇ, ಮನೆಗಳು ಮಾತ್ರ ಗುಡ್ಡಕ್ಕೊಂದು, ಗದ್ದೆಯ ಬದಿಗೊಂದು. ವಿಳಾಸದಲ್ಲಿ ಎಸ್ಟೇಟ್ ಹೆಸರು, ಅಂಚೆ ಹೆಸರು, ಕೊನೆಗೆ 'ಬಸ್ ಸ್ಟಾಪಿಗೆ ಬಂದು ಫೋನ್ ಮಾಡಿ'. ಫೋನ್ ಸಿಕ್ಕಿದರೆ ಪುಣ್ಯ. ಗಾಳಿ ಮಳೆಗೆ ಕರೆಂಟ್ ಹೋದರೆ ಹಿಂದೆಯೇ ಟವರೂ ಹೋಗುತ್ತದೆ, ಟವರ್ ಹೋದರೆ ಮ್ಯಾಪೂ ತೆರೆಯುವುದಿಲ್ಲ.

ನಾನು ದಿನಾ ಓಡಾಡುವ ಕಡೆ ಒಂದು ಹಳ್ಳವಿದೆ. ಒಂದು ಕಂಪನಿಯ ಮ್ಯಾಪಿನಲ್ಲಿ ಆ ಹಳ್ಳ ದಾಟಿ ರಸ್ತೆ ಹೋಗುತ್ತದೆ. ಕಂಪನಿಯ ಹೆಸರು ಬೇಡ ಬಿಡಿ. ನಿಜವಾಗಿ ಅಲ್ಲಿರುವುದು ಕಾಲುಸಂಕ, ಅಡಿಕೆ ಮರ ಜೋಡಿಸಿ ಕಟ್ಟಿದ್ದು, ಹಿಡಿದುಕೊಳ್ಳಲು ಒಂದು ಬದಿಗೆ ಮಾತ್ರ ಬಿದಿರು. ಕಾರು ಹಾಗಿರಲಿ, ನನ್ನ ಸ್ಕೂಟರೂ ಅದರ ಮೇಲೆ ಹೋಗುವುದಿಲ್ಲ. ತಪ್ಪಿದೆ ಅಂತ ಫೋಟೋ ಸಮೇತ ಕಳಿಸಿದರೆ 'ಪರಿಶೀಲಿಸುತ್ತಿದ್ದೇವೆ' ಅಂತ ಉತ್ತರ ಬಂತು, ಆಮೇಲೆ 'ಖಚಿತಪಡಿಸಿಕೊಳ್ಳಲು ಆಗಲಿಲ್ಲ' ಅಂತ ಇನ್ನೊಂದು ಉತ್ತರ. ಸಂಕದ ಈಚೆ ದಡದಲ್ಲಿ ಪಾರ್ಸೆಲ್ ಹಿಡಿದು ನಿಂತವನಿಗಿಂತ ಖಚಿತವಾಗಿ ಇನ್ಯಾರು ಹೇಳಬೇಕಿತ್ತೋ ಗೊತ್ತಿಲ್ಲ.

ಇದಕ್ಕೆ ಬೇರೆ ದಾರಿ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಹೆಸರು. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ಶುರು ಮಾಡಿದ್ದು. ಅಲ್ಲಿನ ಸರ್ಕಾರಿ ಸರ್ವೆ ಸಂಸ್ಥೆ ಮಾಡಿದ್ದ ನಕ್ಷೆಯ ಮಾಹಿತಿಯನ್ನು ಜನ ದುಡ್ಡು ಕೊಟ್ಟು, ಹಾಕಿದ ಶರತ್ತಿಗೆಲ್ಲ ಒಪ್ಪಿ ಬಳಸಬೇಕಿತ್ತು. ಹಾಗಾದರೆ ನಾವೇ ಬರೆಯೋಣ ಅಂತ ಹೊರಟರು. ಇವತ್ತು ಪ್ರಪಂಚದ ಯಾವ ಮೂಲೆಯವರಾದರೂ ಒಂದು ಖಾತೆ ತೆರೆದು ತಮ್ಮೂರಿನ ರಸ್ತೆ, ಕೆರೆ, ಅಂಗನವಾಡಿ, ಕಾಲುಸಂಕ ಹಾಕಬಹುದು, ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಯಾರ ಒಪ್ಪಿಗೆಗೂ ಕಾಯಬೇಕಿಲ್ಲ. ಆ ಹಳ್ಳದ ಮೇಲಿನ ಗೆರೆಯನ್ನು ಕತ್ತರಿಸಿ, ಸಂಕದಷ್ಟು ಉದ್ದವನ್ನು ಮಾತ್ರ 'ಫುಟ್‌ವೇ', ಅಂದರೆ ಕಾಲುದಾರಿ, ಅಂತ ಗುರುತು ಮಾಡಿದರೆ ಆಯಿತು, ಆ ಮಾಹಿತಿ ಬಳಸಿ ದಾರಿ ತೋರಿಸುವ ಆ್ಯಪ್ ಕಾರನ್ನು ಅಲ್ಲಿ ಹತ್ತಿಸುವುದಿಲ್ಲ. ವೆಬ್‌ಸೈಟಿನಲ್ಲಿ ಬದಲಾವಣೆ ಸ್ವಲ್ಪ ಹೊತ್ತಿಗೇ ಕಾಣುತ್ತದೆ, ಫೋನಿಗೆ ಇಳಿಸಿಕೊಂಡ ಮ್ಯಾಪಿಗೆ ಬರಲು ಮಾತ್ರ ಮುಂದಿನ ಅಪ್‌ಡೇಟ್ ತನಕ ತಡೆಯಬೇಕು. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆ್ಯಂಡ್ ಎಂಬ ಆ್ಯಪ್‌ಗಳು ಇದೇ ಮಾಹಿತಿ ಬಳಸುತ್ತವೆ. ಮನೆಯಲ್ಲಿ ಒಮ್ಮೆ ಇಳಿಸಿಕೊಂಡರೆ ಚಾರ್ಮಾಡಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ದಾರಿ ತೋರಿಸುತ್ತವೆ. ನಮ್ಮ ಕಡೆಗೆ ಇದಕ್ಕಿಂತ ಅನುಕೂಲ ಬೇರೆ ಬೇಕಾ?

2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ಈ ಮ್ಯಾಪಿನ ಶಕ್ತಿ ಎಲ್ಲರಿಗೂ ಗೊತ್ತಾಯಿತು. ಬೇರೆ ಬೇರೆ ದೇಶದವರು ತಮ್ಮ ಮನೆಯಲ್ಲೇ ಕೂತು, ಉಪಗ್ರಹದ ಚಿತ್ರ ನೋಡಿ, ರಾಜಧಾನಿಯ ಬೀದಿಗಳನ್ನು ಕೆಲವೇ ದಿನಗಳಲ್ಲಿ ಬರೆದುಕೊಟ್ಟರು. ಪರಿಹಾರಕ್ಕೆ ಹೋದ ತಂಡಗಳು ಅದನ್ನೇ ಬಳಸಿದವು. ಆದರೆ ಮಲೆನಾಡಿನಲ್ಲಿ ಆ ಉಪಾಯ ಪೂರ್ತಿ ನಡೆಯುವುದಿಲ್ಲ. ಕಾರಣ ನಮ್ಮ ಕಾಫಿ. ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳಿನಲ್ಲಿ ಬೆಳೆಯುವ ಬೆಳೆ ಇದು, ಮೇಲಿನಿಂದ ನೋಡಿದರೆ ಬರೀ ಹಸಿರು. ಕೆಳಗೆ ಟಾರು ರಸ್ತೆ ಇದೆಯೋ, ಜೀಪು ಮಾತ್ರ ಹತ್ತುವ ಮಣ್ಣು ರಸ್ತೆ ಇದೆಯೋ, ಏನೂ ಇಲ್ಲವೋ ತಿಳಿಯುವುದಿಲ್ಲ. ಬೆಂಗಳೂರಿನಲ್ಲಿ ಕೂತ ಹುಡುಗರು ಎಷ್ಟೇ ಉತ್ಸಾಹದಿಂದ ಗೆರೆ ಎಳೆದರೂ ಸಕಲೇಶಪುರ, ಮೂಡಿಗೆರೆಯ ತೋಟಗಳೊಳಗೆ ಅವರ ಕಣ್ಣು ಹೋಗುವುದಿಲ್ಲ. ಇಲ್ಲಿಯವರೇ ಫೋನಿನಲ್ಲಿ ಜಿಪಿಎಸ್ ಹಾಕಿಕೊಂಡು ಆ ದಾರಿಯಲ್ಲಿ ನಡೆಯಬೇಕು. ದಟ್ಟ ಮರದ ಕೆಳಗೆ ಜಿಪಿಎಸ್ ಗೆರೆಯೂ ಅತ್ತಿತ್ತ ಸರಿಯುತ್ತದೆ, ಅದಕ್ಕೆ ಒಂದೇ ದಾರಿಯಲ್ಲಿ ಬೇರೆ ಬೇರೆ ದಿನ ಓಡಾಡಿದ ಗೆರೆಗಳನ್ನು ಒಟ್ಟಿಗೆ ಇಟ್ಟು ನಡುವಿನದ್ದನ್ನು ಹಿಡಿಯಬೇಕು. ದಿನಾ ಓಡಾಡುವ ನಮ್ಮಂಥವರಿಗೆ, ಹಾಲಿನ ಗಾಡಿಯವರಿಗೆ, ಲೈನ್‌ಮ್ಯಾನ್‌ಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಇದೇನು ಹೊಸ ಕೆಲಸ ಅಲ್ಲ, ಹೇಗೂ ಹೋಗುತ್ತಿರುತ್ತೇವೆ.

ಇಲ್ಲಿ ತೋಟದ ಮಾಲೀಕರ ತಕರಾರು ಬರುತ್ತದೆ. ದಾರಿ ಮ್ಯಾಪಿಗೆ ಹಾಕಿದರೆ ಶನಿವಾರ ಭಾನುವಾರ ಬೆಂಗಳೂರಿನ ಕಾರುಗಳೆಲ್ಲ ತೋಟಕ್ಕೆ ನುಗ್ಗುತ್ತವೆ ಅಂತ. ಅವರ ಭಯ ಸುಳ್ಳಲ್ಲ. ಆದರೆ ಸ್ವಲ್ಪ ಯೋಚನೆ ಮಾಡಿ, ಈಗಲೂ ನುಗ್ಗುತ್ತಿವೆ ಅಲ್ವಾ? ಗೆರೆ ಹೇಗೋ ಬಂದು ಕೂತಿದೆ, ಅದು ಖಾಸಗಿ ಅನ್ನುವ ಗುರುತು ಮಾತ್ರ ಬಂದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಗೇಟು ಎಲ್ಲಿದೆ ಅಂತ ಗುರುತು ಹಾಕಿ, ಅಲ್ಲಿಂದ ಒಳಗಿನ ದಾರಿ ಖಾಸಗಿ ಅಂತ ಬರೆಯಬಹುದು. ಆಗ ದಾರಿ ಲೆಕ್ಕ ಹಾಕುವ ಆ್ಯಪ್‌ಗಳು ಹೊರಗಿನವರನ್ನು ಆ ಒಳದಾರಿಯಲ್ಲಿ ಕಳಿಸುವುದಿಲ್ಲ. ಮನೆ ಯಾರದ್ದು, ಒಳಗೆ ಯಾರಿದ್ದಾರೆ ಅನ್ನುವುದನ್ನು ಹಾಕುವ ಹಾಗಿಲ್ಲ, ಹಾಕಲೂಬಾರದು.

ಇನ್ನು ದುಡ್ಡಿನ ವಿಷಯ. ಗೂಗಲ್ ಮ್ಯಾಪ್ ನಮಗೆ ನಿಮಗೆ ಬಿಟ್ಟಿ, ಸರಿ. ತನ್ನ ವೆಬ್‌ಸೈಟಿನಲ್ಲಿ, ಆ್ಯಪಿನಲ್ಲಿ ಅದನ್ನು ಕೂರಿಸುವವರಿಗೆ ಅದು ಬಿಟ್ಟಿ ಅಲ್ಲ. ಮೊದಲು ದಿನಕ್ಕೆ 25,000 ಸಲದವರೆಗೆ ಮ್ಯಾಪ್ ತೆರೆದರೂ ದುಡ್ಡಿರಲಿಲ್ಲ. 2018ರ ಜುಲೈಯಲ್ಲಿ ಲೆಕ್ಕವೇ ಬದಲಾಯಿತು, ಆಗ ತಿಂಗಳಿಗೆ ಸುಮಾರು 28,000 ಸಲದಷ್ಟು ಮಾತ್ರ ಉಚಿತವಾಯಿತು, ಅದಕ್ಕೂ ಬಿಲ್ಲಿಂಗ್ ಖಾತೆ ಬೇಕಾಯಿತು. ಮತ್ತೆ 2024ರ ಆಗಸ್ಟ್‌ನಿಂದ ಭಾರತದಲ್ಲಿ ದರವನ್ನು ಶೇ 70ರವರೆಗೆ ಇಳಿಸಿದರು. ಏರಿಸಿದವರೂ ಅವರೇ, ಇಳಿಸಿದವರೂ ಅವರೇ. ತಪ್ಪು ಅನ್ನುವುದಿಲ್ಲ, ಅವರದ್ದು ವ್ಯಾಪಾರ. ಆದರೆ ನಮ್ಮ ಜಿಲ್ಲೆಯ ಸಣ್ಣ ಹೋಂಸ್ಟೇ ವೆಬ್‌ಸೈಟೋ, ಪಂಚಾಯಿತಿಯ ನೀರಿನ ದೂರಿನ ಆ್ಯಪೋ ಆ ದರದ ಮೇಲೆ ಬದುಕಬೇಕಾ?

ಬಿಟ್ಟಿ ದುಡಿಯುವವರು ನಾವು, ಲಾಭ ಮಾಡಿಕೊಳ್ಳುವವರು ದೊಡ್ಡ ಕಂಪನಿಗಳು ಅನ್ನುವ ಮಾತೂ ಇದೆ. ಮೈಕ್ರೋಸಾಫ್ಟ್, ಮೆಟಾ, ಅಮೆಜಾನ್ ಎಲ್ಲವೂ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುತ್ತವೆ, ನಿಜ. ಬಳಸಲಿ. ಹೆಸರು ಹೇಳಬೇಕು, ಆ ಮಾಹಿತಿಯನ್ನೇ ತಿದ್ದಿ ಬೆಳೆಸಿ ಹೊರಗೆ ಕೊಟ್ಟರೆ ಅದನ್ನೂ ಇದೇ ಶರತ್ತಿನ ಮೇಲೆ ಎಲ್ಲರಿಗೂ ಬಿಟ್ಟುಕೊಡಬೇಕು, ಲೈಸೆನ್ಸ್ ಹೇಳುವುದು ಇಷ್ಟು. ನಮ್ಮ ಸಂಕ ನಮ್ಮ ಮ್ಯಾಪಿನಿಂದ ಎಲ್ಲಿಗೂ ಹೋಗುವುದಿಲ್ಲ. ಯಾರಾದರೂ ಬೇಕೆಂದೇ ಕೆಡಿಸಿದರೆ? ಯಾವ ಖಾತೆಯಿಂದ, ಯಾವಾಗ, ಏನು ಬದಲಾಯಿಸಿದರು ಎಲ್ಲ ದಾಖಲಾಗಿರುತ್ತದೆ, ಹಿಂದಿನ ಹಾಗೆ ಮಾಡಬಹುದು. ಕೊರತೆಗಳೂ ಇವೆ, ಮುಚ್ಚಿಡುವುದು ಬೇಡ. ಅಂಗಡಿ ಎಷ್ಟೊತ್ತಿಗೆ ತೆಗೆಯುತ್ತದೆ, ಶಿರಾಡಿಯಲ್ಲಿ ಈಗ ಎಷ್ಟು ಟ್ರಾಫಿಕ್ ಇದೆ ಅನ್ನುವುದಕ್ಕೆ ಇದನ್ನು ನಂಬಿ ಕೂರಬೇಡಿ. ನಾನೂ ಅದಕ್ಕೆ ಇನ್ನೊಂದನ್ನೇ ತೆರೆಯುತ್ತೇನೆ.

ನನ್ನ ಸಿಟ್ಟು ಕಂಪನಿಗಳ ಮೇಲಿಗಿಂತ ಜಾಸ್ತಿ ಇರುವುದು ಸರ್ಕಾರಿ ಕಪಾಟುಗಳ ಮೇಲೆ. ಯಾವ ರಸ್ತೆ ಪಂಚಾಯಿತಿಯದ್ದು, ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಎಷ್ಟು ದೂರ ಟಾರು, ಎಲ್ಲಿಂದ ಮಣ್ಣು, ಇದೆಲ್ಲ ಪಂಚಾಯಿತಿಯ ಕಡತದಲ್ಲಿ ಇರುವ ವಿಷಯವೇ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ, ಬಹಳ ಉಪಯೋಗದ ಆ್ಯಪ್, ಆದರೆ ನೋಡಬಹುದು ಅಷ್ಟೇ. ನೋಡಲು ಕೊಡುವುದು ಬೇರೆ, ಬಳಸಲು ಕೊಡುವುದು ಬೇರೆ. ಯಾವ ಶರತ್ತಿನ ಮೇಲೆ ಬಳಸಬಹುದು ಅಂತ ಬರೆದುಕೊಡದಿದ್ದರೆ ಅದನ್ನು ಮುಕ್ತ ಮ್ಯಾಪಿಗೆ ಸೇರಿಸುವಂತಿಲ್ಲ. ಬೇರೆ ಮ್ಯಾಪುಗಳಿಂದ ಕದ್ದು ಹಾಕುವುದು ಅಲ್ಲಿ ನಿಷಿದ್ಧ.

ದೇಶದ ಮಟ್ಟದಲ್ಲಿ ಬಾಗಿಲು ತೆರೆದಾಗಿದೆ. 2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ತಂದು, ನಕ್ಷೆ ಮಾಡಲು ಮೊದಲೇ ಅನುಮತಿ ಪಡೆಯಬೇಕೆಂಬ ಹಳೆಯ ಕಟ್ಟಳೆಯನ್ನು ತೆಗೆದುಹಾಕಿತು. 2022ರ ಫೆಬ್ರವರಿಯಲ್ಲಿ ಗ್ರಾಮ ಸಡಕ್ ಯೋಜನೆಗಾಗಿ ಸೇರಿಸಿದ್ದ 25 ಲಕ್ಷ ಕಿ.ಮೀ.ಗೂ ಹೆಚ್ಚು ಹಳ್ಳಿ ರಸ್ತೆಗಳ ಮಾಹಿತಿಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ದೆಹಲಿಯಿಂದ ಆಗುವುದು ನಮ್ಮ ಪಂಚಾಯಿತಿಯಿಂದ ಯಾಕೆ ಆಗುವುದಿಲ್ಲ?

2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿದ್ದು ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಹೊರಗಿನಿಂದ ಬರುವ ರಕ್ಷಣಾ ತಂಡಕ್ಕೆ ಯಾವ ಸಂಕ ದಾಟಿದರೆ ಎಷ್ಟು ಮನೆ ಇವೆ ಅಂತ ಹೇಗೆ ಗೊತ್ತಾಗಬೇಕು? ಮಳೆಯಲ್ಲಿ ಊರವರನ್ನು ಹುಡುಕಿ ಕೇಳುತ್ತಾ ನಿಲ್ಲಬೇಕಾ?

ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನ ಎಐಟಿ, ಮೂಡಿಗೆರೆಯ ತೋಟಗಾರಿಕೆ ಕಾಲೇಜಿನವರು ಎನ್‌ಎಸ್‌ಎಸ್ ಶಿಬಿರಕ್ಕೆ ಬಂದಾಗ ಸುಮ್ನೆ ಶಾಲೆಯ ಅಂಗಳ ಗುಡಿಸಿ ಹೋಗುವ ಬದಲು ಒಂದೊಂದು ಪಂಚಾಯಿತಿಯ ದಾರಿಗಳನ್ನು ನಡೆದು ಹಾಕಿಕೊಡಲಿ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲಾ ಪಂಚಾಯಿತಿಗಳು ಒಂದು ಸುತ್ತೋಲೆ ಹೊರಡಿಸಲಿ: ಪ್ರತಿ ಗ್ರಾಮ ಪಂಚಾಯಿತಿಯ ರಸ್ತೆ, ಕಾಲುಸಂಕ, ಅಂಗನವಾಡಿ, ನ್ಯಾಯಬೆಲೆ ಅಂಗಡಿಯ ಪಟ್ಟಿಯನ್ನು, ಯಾರು ಬೇಕಾದರೂ ಬಳಸಬಹುದು ಎಂಬ ಸಾಲಿನೊಂದಿಗೆ ಪ್ರಕಟಿಸಬೇಕು ಅಂತ. ನಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ನಾನು ಇದೇ ಅರ್ಜಿ ಕೊಡುವವನಿದ್ದೇನೆ. ಟೈಪ್ ಮಾಡಲು ಆಳಿಲ್ಲ ಅಂತ ಪಿಡಿಓ ಹೇಳಿದರೆ ಭಾನುವಾರ ಕೂತು ಟೈಪ್ ಮಾಡಿಕೊಡಲು ನಾನು ರೆಡಿ.

ಇಂತಿ,
ಕೊರಿಯರ್ ಹಂಚುವ ಓದುಗ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ