ಚಿಕ್ಕಪ್ಪನಿಗೆ ಒಂದು ಹೊಲಿಗೆ ಆರ್ಡರು

ಎಡಿನ್‌ಬರೊ, ಸ್ಕಾಟ್‌ಲೆಂಡ್

ಪ್ರೀತಿಯ ಚಿಕ್ಕಪ್ಪನವರಿಗೆ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಮಂಡಿ ನೋವು ಹೇಗಿದೆ? ಮಿಷಿನ್ ತುಳಿಯುವುದು ಬಿಡಿ, ಮೋಟಾರ್ ಹಾಕಿಸಿ ಅಂತ ಹೇಳಿದ್ದೆ. ಹಾಕಿಸಿದಿರಾ?

ನಾನು ಸ್ಕರ್ಟ್ ಹಾಕಿಕೊಂಡು ಆಫೀಸಿಗೆ ಹೊರಟ ಫೋಟೊ ಮನೆಯ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ರಾಮಾಯಣ ಆಯಿತಂತೆ. ಅಜ್ಜಿ ಫೋನ್ ಮಾಡಿ, "ಏನ್ಲಾ ಮಗ, ಲಂಗ ಹಾಕ್ಕಂಡು ಓಡಾಡ್ತಿದ್ದೀಯಂತೆ, ಕೆಲ್ಸ ಗಿಲ್ಸ ಹೋಯ್ತಾ?" ಅಂದರು. ನೀವೊಬ್ಬರೇ ನಗಲಿಲ್ಲ. ಸೊಂಟಪಟ್ಟಿ ಸರಿಯಾಗಿ ಕೂತಿಲ್ಲ ಅಂತ ಬರೆದಿರಿ. ಅದಕ್ಕೇ ಈ ಕಾಗದ ನಿಮ್ಮ ಹೆಸರಿಗೆ.

ಅದು ಕೂರುವುದಾದರೂ ಹೇಗೆ? ಹೆಂಗಸರ ಬಟ್ಟೆ ಇಟ್ಟಿರುವ ಕಡೆಯಿಂದ ತಂದದ್ದು. ಗಂಡಸರ ಕಡೆ ಹೋದರೆ ಪ್ಯಾಂಟು, ಚಡ್ಡಿ, ಮತ್ತೆ ಪ್ಯಾಂಟು. ಹೆಂಗಸರ ಸ್ಕರ್ಟನ್ನು ನಡು ಸಣ್ಣ, ಕೆಳಗೆ ಅಗಲ ಅಂತ ಕತ್ತರಿಸಿರುತ್ತಾರೆ. ನನ್ನ ಹೊಟ್ಟೆ ನಿಮಗೆ ಗೊತ್ತೇ ಇದೆ. ಜೇಬಂತೂ ಇಲ್ಲವೇ ಇಲ್ಲ. ಫೋನು, ಪರ್ಸು, ಬೀಗದಕೈ ಎಲ್ಲ ಕೈಯಲ್ಲೇ ಹಿಡಿದು ನಡೆಯಬೇಕು.

ಸ್ಕಾಟ್‌ಲೆಂಡಿನಲ್ಲಿದ್ದೀಯ, ಕಿಲ್ಟ್ ಹಾಕು ಅಂತ ತಮ್ಮ ಕೇಳಿದ. ಕಿಲ್ಟ್ ಅಂದರೆ ಇಲ್ಲಿನ ಗಂಡಸರು ಹಾಕುವ, ಮಂಡಿಯವರೆಗೆ ಬರುವ ನೆರಿಗೆಯ ಲಂಗದಂಥ ಉಡುಪು. ನೋಡಿದರೆ ನಿಮಗೆ ಖುಷಿಯಾಗುತ್ತೆ. ಒಳ್ಳೆಯ ಕಿಲ್ಟಿಗೆ ಎಂಟು ಗಜ ಉಣ್ಣೆ ಬಟ್ಟೆ. ಅಂದರೆ ಹದಿನಾರು ಮೊಳ, ನಮ್ಮ ಎಂಟು ಮೊಳದ ಪಂಚೆಯ ಎರಡರಷ್ಟು! ಮುಂದೆ ಸಪಾಟು, ಹಿಂದೆ ಪೂರಾ ನೆರಿಗೆ. ಬಟ್ಟೆಯ ಚೌಕಳಿ ಗೆರೆಗಳು ಕೆಡದಂತೆ ಒಂದೊಂದು ನೆರಿಗೆಯನ್ನೂ ಕೈಯಲ್ಲೇ ಹೊಲಿಯುತ್ತಾರೆ. ಆದರೆ ಅದು ದುಬಾರಿ. ಎಷ್ಟೋ ಜನ ಮದುವೆಗೆ ಬಾಡಿಗೆಗೆ ತಂದು ಹಾಕಿ ವಾಪಸ್ ಕೊಡುತ್ತಾರೆ. ನಮ್ಮಲ್ಲಿ ಮದುಮಗ ಮುಹೂರ್ತಕ್ಕೆ ಪಂಚೆ ಉಟ್ಟು ರಿಸೆಪ್ಷನ್ನಿಗೆ ಸೂಟು ಹಾಕುತ್ತಾನಲ್ಲ, ಹಾಗೆ ಇದೂ ಒಂದು ದಿನದ ಬಟ್ಟೆ. ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಕಿಲ್ಟ್ ಹಾಕಿದವರು ಕಾಣುವುದು ಅಪರೂಪ.

ಇದಕ್ಕೂ ಒಂದು ಕಾಲದಲ್ಲಿ ಜೈಲು ಇತ್ತು ಗೊತ್ತಾ? ಇಲ್ಲಿನ ಗುಡ್ಡಗಾಡಿನ ಜನ ದಂಗೆ ಎದ್ದು ಸೋತ ಮೇಲೆ, 1746ರಲ್ಲಿ ಲಂಡನ್ನಿನ ಸರ್ಕಾರ ಗಂಡಸರು ಈ ಉಡುಪು ಹಾಕಬಾರದು ಅಂತ ಕಾನೂನು ಮಾಡಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಜೈಲು. ಎರಡನೇ ಸಲಕ್ಕೆ ಏಳು ವರ್ಷ ಗಡಿಪಾರು. ಸೈನ್ಯದಲ್ಲಿದ್ದವರಿಗೆ ಮಾತ್ರ ರಿಯಾಯಿತಿ. 1782ರಲ್ಲಿ ಕಾನೂನು ತೆಗೆದರು. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಇದೇ ಊರಿಗೆ ಬಂದು ತಾನೇ ಕಿಲ್ಟ್ ಹಾಕಿಕೊಂಡ. ಕಾಲು ಕಾಣಬಾರದು ಅಂತ ಒಳಗೆ ಮೈಬಣ್ಣದ ಬಿಗಿ ಪ್ಯಾಂಟು ಬೇರೆ! ಸಿಪಾಯಿ ಹಾಕಿದ, ದೊರೆ ಹಾಕಿದ, ಆಮೇಲೆ ಅದು ಮರ್ಯಾದೆಯ ಬಟ್ಟೆ ಆಯಿತು.

ನಮ್ಮ ಪಂಚೆಗೂ ದೊಡ್ಡವರ ಆಸರೆ ಇದೆ. ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗ ಪಂಚೆಯಲ್ಲೇ ದಿಲ್ಲಿಯಲ್ಲಿ ಓಡಾಡಿದರು. ನಮ್ಮ ಮೈಸೂರು ಕಡೆಯ ಸಿದ್ದರಾಮಯ್ಯನವರ ಪಂಚೆಯಂತೂ ಎಲ್ಲರಿಗೂ ಗೊತ್ತು. ಆದರೂ 2024ರ ಜುಲೈನಲ್ಲಿ ಬೆಂಗಳೂರಿನ ಒಂದು ಮಾಲಿನಲ್ಲಿ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡಲಿಲ್ಲ. ಗಲಾಟೆಯಾಗಿ ಕೆಲವು ದಿನ ಮಾಲಿನ ಬಾಗಿಲೇ ಹಾಕಿಸಿದರು, ಸರಿ. ಆದರೆ ತಡೆದ ಸೆಕ್ಯೂರಿಟಿಯವನ ಮನೆಯಲ್ಲೂ ಯಾರಾದರೂ ಪಂಚೆ ಉಡುತ್ತಿರುತ್ತಾರೆ, ಅಲ್ವಾ? ಮುಖ್ಯಮಂತ್ರಿ ಉಟ್ಟರೆ ಗತ್ತು, ರೈತ ಉಟ್ಟರೆ ಬಾಗಿಲಲ್ಲೇ ತಡೆ.

ಫ್ಯಾಷನ್‌ನವರು ಗಂಡಸರಿಗೆ ಸ್ಕರ್ಟ್ ತೊಡಿಸಲು ಬಹಳ ದಿನದಿಂದ ನೋಡುತ್ತಿದ್ದಾರೆ. ಪ್ಯಾರಿಸ್ಸಿನ ಜ್ಯಾಂ ಪಾಲ್ ಗೋಟಿಯೇ 1980ರ ದಶಕದಲ್ಲೇ ತೊಡಿಸಿದ್ದ. 2022ರಲ್ಲಿ ಹಾಲಿವುಡ್ ನಟ ಬ್ರಾಡ್ ಪಿಟ್ ಬರ್ಲಿನ್ನಿಗೆ ಸ್ಕರ್ಟಿನಲ್ಲಿ ಬಂದ, ಪೇಪರಿನವರು ಫೋಟೊ ಹಾಕಿದರು, ಮುಗೀತು. ನನಗೆ ಹಿಡಿಸಿದ್ದು ಬೇರೆ ಸುದ್ದಿ. 2017ರ ಬೇಸಿಗೆಯಲ್ಲಿ ಫ್ರಾನ್ಸಿನ ನಾಂತ್ ಊರಿನ ಬಸ್ ಡ್ರೈವರುಗಳು ಸ್ಕರ್ಟ್ ಹಾಕಿ ಬಸ್ ಓಡಿಸಿದರು. ಸೆಕೆ ಅಂದರೂ ಗಂಡಸರಿಗೆ ಚಡ್ಡಿ ಹಾಕಲು ಬಿಟ್ಟಿರಲಿಲ್ಲ, ಹೆಂಗಸರು ಸ್ಕರ್ಟ್ ಹಾಕಬಹುದಿತ್ತು. ಆದರೆ ಅವರಿಗೆ ಬೇಕಿದ್ದದ್ದು ಚಡ್ಡಿಯೇ ಹೊರತು ಸ್ಕರ್ಟಲ್ಲ. ಜಗಳಕ್ಕೆ ಹಾಕಿದ ಬಟ್ಟೆ ಜಗಳ ಮುಗಿದ ಮೇಲೆ ಯಾರಿಗೆ ಬೇಕು?

ಹಾಗಾಗಿ ನನ್ನ ಲೆಕ್ಕ ಇಷ್ಟೇ. ಸಿನಿಮಾದವರು ಹಾಕಿದರೆ ಸಾಲದು. ಗಂಡಸಿನ ಅಳತೆಗೆ ಹೊಲಿದದ್ದು ಅಂಗಡಿಯಲ್ಲಿ ಸಿಗಬೇಕು. ಜೇಬಿರಬೇಕು, ಬೆಲ್ಟ್ ಹಾಕುವಂತಿರಬೇಕು, ವಾಷಿಂಗ್ ಮಿಷಿನ್ನಿಗೆ ಹಾಕಿದರೂ ನೆರಿಗೆ ಕೆಡಬಾರದು. ಆಫೀಸಿನಲ್ಲಿ ಮೊದಲ ದಿನ ಎರಡು ಜೋಕು ಬಂದವು, ಆಮೇಲೆ ಎಲ್ಲರೂ ಅವರವರ ಕೆಲಸ ನೋಡಿಕೊಂಡರು. ಗಾಳಿಗೆ ಹೇಗೆ ಸಂಭಾಳಿಸುತ್ತೀಯ ಅಂತ ಒಬ್ಬ ಕೇಳಿದ. ಪಂಚೆ ಉಟ್ಟು ಟಿವಿಎಸ್ ಓಡಿಸಿದವನಿಗೆ ಇದೆಲ್ಲ ಯಾವ ಲೆಕ್ಕ!

ಹೈಸ್ಕೂಲು ಹುಡುಗಿಯರ ಯೂನಿಫಾರಂ ಸ್ಕರ್ಟ್ ನಿಮ್ಮಷ್ಟು ಹೊಲಿದವರು ಮಂಡ್ಯದಲ್ಲಿ ಯಾರಿದ್ದಾರೆ? ಹಾಗೇ ನನಗೆ ಎರಡು ಹೊಲಿಯಿರಿ. ಬಣ್ಣ ಒಂದು ಕಪ್ಪು, ಒಂದು ಬೂದಿ. ಪ್ಯಾಂಟಿನ ದಪ್ಪ ಸೂಟಿಂಗ್ ಬಟ್ಟೆಯೇ ಇರಲಿ, ತೆಳು ಬಟ್ಟೆ ಇಲ್ಲಿನ ಗಾಳಿಗೆ ನಿಲ್ಲಲ್ಲ. ಸೊಂಟ 36, ಉದ್ದ 26 ಇಂಚು. ಮುಂದೆ ಸಪಾಟು, ಹಿಂದೆ ಅಗಲ ನೆರಿಗೆ. ಎರಡೂ ಕಡೆ ಪ್ಯಾಂಟಿನ ಹಾಗೆ ಆಳದ ಜೇಬು. ಕೆಳಗಿನ ಮಡಿಕೆ ಎರಡು ಇಂಚು ಬಿಡಿ, ಭಾರಕ್ಕೆ ಬಟ್ಟೆ ಕೆಳಗೆ ನಿಲ್ಲುತ್ತೆ. ಅಂಗಡಿಗೆ ಬಂದವರು ಯಾರಿಗೆ ಅಂತ ಕೇಳಿದರೆ ಅಣ್ಣನ ಮಗನಿಗೆ ಅಂತಲೇ ಹೇಳಿ. ಮಜೂರಿ ಬೇಡ ಅನ್ನಬೇಡಿ, ತಮ್ಮನ ಕೈಲಿ ಕೊಡಿಸುತ್ತೇನೆ.

ಚಿಕ್ಕಮ್ಮನಿಗೆ, ಅಜ್ಜಿಗೆ ನಮಸ್ಕಾರ ತಿಳಿಸಿ. ಕೆಲಸ ಹೋಗಿಲ್ಲ, ಸಂಬಳ ಬರ್ತಾ ಇದೆ ಅಂತ ಅಜ್ಜಿಗೆ ಇನ್ನೊಂದು ಸಲ ಹೇಳಿಬಿಡಿ.

ಇಂತಿ ನಿಮ್ಮ ಪ್ರೀತಿಯ
ಮಗ