ಪುಲ್ ರಿಕ್ವೆಸ್ಟ್ ಕಳಿಸುವ ಮುನ್ನ

ಪುಲ್ ರಿಕ್ವೆಸ್ಟ್ (ನಮ್ಮ ತಿದ್ದುಪಡಿಯನ್ನು ಮೂಲ ಕೋಡಿಗೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸುವ ಎಲ್ಲರ ಗಮನಕ್ಕೆ: ಮೇನ್ ಬ್ರಾಂಚಿನಲ್ಲೇ (ಕೋಡಿನ ಮುಖ್ಯ ಕವಲಿನಲ್ಲೇ) ಕೆಲಸ ಶುರು ಮಾಡಬೇಡಿ. ಅಪ್‌ಸ್ಟ್ರೀಮ್ (ಪ್ರಾಜೆಕ್ಟಿನ ಮೂಲ ಕೋಡ್ ಭಂಡಾರ) ಫೆಚ್ ಮಾಡಿ, ಅದರ ಮೇನ್‌ನಿಂದ ಹೊಸ ಬ್ರಾಂಚ್ ತೆಗೆಯಿರಿ. ಒಂದು ಇಶ್ಯೂಗೆ ಒಂದೇ ಬ್ರಾಂಚ್.

ಹೆಚ್ಚಿನ ತಲೆನೋವು ಲಾಕ್ ಫೈಲಿನದು, ಅಂದರೆ ಯಾವ ಪ್ಯಾಕೇಜಿನ ಯಾವ ಆವೃತ್ತಿ ಬೇಕೆಂದು ಬರೆದಿಟ್ಟ ಫೈಲಿನದು. ಹೊಸ ಪ್ಯಾಕೇಜ್ ಸೇರಿಸುವಾಗ ಮಾತ್ರ ‘ಎನ್‌ಪಿಎಂ ಇನ್‌ಸ್ಟಾಲ್’ (ಎನ್‌ಪಿಎಂ ಅಂದರೆ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳನ್ನು ತಂದು ಹಾಕುವ ಸಾಧನ). ಉಳಿದಂತೆ ‘ಎನ್‌ಪಿಎಂ ಸಿಐ’ ಓಡಿಸಿ. ಇನ್‌ಸ್ಟಾಲ್ ಕೆಲವೊಮ್ಮೆ ಲಾಕ್ ಫೈಲನ್ನೇ ತಿದ್ದಿಬಿಡುತ್ತದೆ. ಎರಡು ಸಾಲಿನ ತಿದ್ದುಪಡಿಗೆ ಸಾವಿರ ಸಾಲಿನ ಡಿಫ್ (ಬದಲಾದ ಸಾಲುಗಳ ಪಟ್ಟಿ) ಬಂದರೆ ಪರಿಶೀಲಿಸುವವರು ಏನಂತ ನೋಡಬೇಕು? ‘ಎನ್‌ಪಿಎಂ ಸಿಐ’ ಲಾಕ್ ಫೈಲನ್ನು ಮುಟ್ಟುವುದಿಲ್ಲ; ಆದರೆ ಪ್ಯಾಕೇಜ್‌ಗಳಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ಪೂರ್ತಿ ಅಳಿಸಿ ಮತ್ತೆ ತುಂಬುತ್ತದೆ, ಸ್ವಲ್ಪ ಕಾಯಬೇಕು. ಈಗಾಗಲೇ ಕೆಟ್ಟಿದ್ದರೆ ಅಪ್‌ಸ್ಟ್ರೀಮ್ ಮೇನ್‌ನಲ್ಲಿರುವ ಲಾಕ್ ಫೈಲನ್ನು ‘ಗಿಟ್ ರಿಸ್ಟೋರ್’ನಿಂದ ತಂದು ಕಮಿಟ್ ಮಾಡಿ (ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಿ).

ರೀಬೇಸ್ (ನಮ್ಮ ಕಮಿಟ್‌ಗಳನ್ನು ಹೊಸ ಮೇನ್ ಮೇಲೆ ಮತ್ತೆ ಕೂರಿಸುವುದು) ಆದಮೇಲೆ ಪುಶ್ ಮಾಡಲು ‘ಫೋರ್ಸ್ ವಿತ್ ಲೀಸ್’ ಬಳಸಿ. ಬರೀ ಫೋರ್ಸ್ ಆದರೆ ಅದೇ ಬ್ರಾಂಚಿಗೆ ಬೇರೆಯವರು ಹಾಕಿದ ಕಮಿಟ್ ಸದ್ದಿಲ್ಲದೆ ಹೋಗಿಬಿಡಬಹುದು.