ಪಾಳೇಗಾರ ಬೈಗುಳವಲ್ಲ

ಮಾನ್ಯರೇ,

ಕೆರೆ ಒತ್ತುವರಿ ಕುರಿತ ನಿಮ್ಮ ವರದಿಗೆ ‘ಪಾಳೇಗಾರಿಕೆಗೆ ಬೆದರಿದ ಅಧಿಕಾರಿಗಳು’ ಎಂಬ ತಲೆಬರಹ ಇತ್ತು. ಎಂಟನೇ ತರಗತಿ ಓದುವ ನನ್ನ ಮಗ ಅದರ ಮೇಲೆ ಬೆರಳಿಟ್ಟು, ‘ಅಪ್ಪಾ, ನಮ್ಮ ಭರಮಣ್ಣ ನಾಯಕನೂ ಹಿಂಗೇ ಇದ್ದನಾ?’ ಎಂದು ಕೇಳಿದ. ಉತ್ತರ ಹೇಳಲು ಅವತ್ತು ಸಂಜೆ ಅವನನ್ನು ಕೆರೆ ಏರಿಯ ಮೇಲೆ ಕರೆದುಕೊಂಡು ಹೋದೆ.

ನಮ್ಮದು ಭರಮಸಾಗರ. ಊರಿಗೆ ಹೆಸರು, ಊರಿಗೆ ಕೆರೆ ಎರಡೂ ಬಂದದ್ದು ಚಿತ್ರದುರ್ಗದ ಪಾಳೇಗಾರ ಬಿಚ್ಚುಗತ್ತಿ ಭರಮಣ್ಣ ನಾಯಕನಿಂದ. ವರ್ಷಗಟ್ಟಲೆ ಬರಿದಾಗಿದ್ದ ಆ ಕೆರೆಗೆ ಏತ ನೀರಾವರಿಯಲ್ಲಿ ತುಂಗಭದ್ರೆಯ ನೀರು ಬಂದಾಗ ನನ್ನ ತಾಯಿ ಬಾಗಿನ ಬಿಟ್ಟು ನೆನೆದದ್ದು ಆ ನಾಯಕನನ್ನೇ. ಕೆರೆ ಕಟ್ಟಿಸಿದವರ ಹೆಸರನ್ನು ಕೆರೆ ನುಂಗುವವರಿಗೆ ಇಡುವುದು ಯಾವ ನ್ಯಾಯ?

‘ಪಾಳೆಯ’ ಅಂದರೆ ದಂಡಿನ ಬೀಡು. ವಿಜಯನಗರದ ಅರಸರು ಸೀಮೆ ಬಿಟ್ಟುಕೊಟ್ಟರು. ಪಾಳೆಯಗಾರರು ಕಪ್ಪ ಸಲ್ಲಿಸಿ, ಕಾಲಾಳು ಕುದುರೆ ಸಾಕಿ, ಕರೆ ಬಂದಾಗ ದಂಡಿಗೆ ಹೋದರು. 1565ರ ತಾಳಿಕೋಟೆ ಕಾಳಗದ ನಂತರ ಮೇಲಿನ ಹಿಡಿತ ಸಡಿಲಿ ಒಬ್ಬೊಬ್ಬರೂ ಸ್ವತಂತ್ರರಾದರು. ಅವರೆಲ್ಲ ಒಳ್ಳೆಯವರೆಂದು ನಾನು ವಾದಿಸುತ್ತಿಲ್ಲ. ದುರ್ಗದವರಿಗೂ ಹರಪನಹಳ್ಳಿಯವರಿಗೂ ಆದ ಕಾಳಗಗಳಲ್ಲಿ ತುಳಿತಕ್ಕೆ ಸಿಕ್ಕಿದ್ದು ನಮ್ಮಂಥ ರೈತರ ಹೊಲಗಳೇ. ಆದರೆ ಸುಲಿಗೆಯೊಂದೇ ಅವರ ಚರಿತ್ರೆಯಲ್ಲ. ತಲೆಬಾಗದವರನ್ನು ದರೋಡೆಕೋರರೆಂದು ಬರೆದಿಟ್ಟವರು ಕಂಪನಿ ಸರ್ಕಾರದವರು; 1799ರಲ್ಲಿ ತಮಿಳು ಸೀಮೆಯ ಪಾಂಚಾಲಂಕುರಿಚಿಯ ಪಾಳೇಗಾರ ಕಟ್ಟಬೊಮ್ಮನನ್ನು ನೇಣಿಗೇರಿಸಿದವರೂ ಅವರೇ. ಈ ಪದಕ್ಕೆ ಅಂಟಿದ ಕಲೆಯಲ್ಲಿ ಅವರ ಪಾಲು ದೊಡ್ಡದೆಂದು ನನ್ನ ಭಾವನೆ.

1537ರಲ್ಲಿ ಬೆಂಗಳೂರು ಕಟ್ಟಿದ ಯಲಹಂಕದ ಕೆಂಪೇಗೌಡರೂ ವಿಜಯನಗರದ ಅಧೀನದ ಪಾಳೇಗಾರರೇ. ಅವರ ಜಯಂತಿಯಂದು ನೀವೂ ‘ನಾಡಪ್ರಭು’ ಎಂದೇ ಬರೆಯುತ್ತೀರಿ. ಬರೆಯಲೇಬೇಕು. ಅದೇ ಗೌರವದಲ್ಲಿ ಒಂದು ತುಣುಕು ದುರ್ಗದವರಿಗೂ ಸಲ್ಲಬಾರದೇ?

ಬೈಯಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ‘ದಬ್ಬಾಳಿಕೆ’ ನಮ್ಮ ಸಂತೆಯಲ್ಲೂ ಎಲ್ಲರಿಗೂ ತಿಳಿಯುತ್ತದೆ. ಇನ್ನೂ ಗಟ್ಟಿಯಾಗಿ ಹೇಳಬೇಕೆಂದರೆ ‘ನಿರಂಕುಶ’ ಇದೆ: ಅಂಕುಶವಿಲ್ಲದ ಆನೆ, ಯಾರ ತೋಟ ಎಂದು ನೋಡದೆ ನುಗ್ಗುವಂಥದ್ದು. ನೀವು ಬರೆದ ಒತ್ತುವರಿದಾರನಿಗೆ ಆ ಮಾತು ಅಳತೆ ಕೊಟ್ಟು ಹೊಲಿಸಿದಂತಿದೆ.

ಆ ಕೆರೆಯ ವರದಿಯನ್ನು ಮುಂದುವರಿಸಿ, ಬಿಡಬೇಡಿ. ತಲೆಬರಹದ ಆ ಒಂದು ಪದವನ್ನಷ್ಟೇ ಮುಂದಿನ ಸಲ ಬದಲಿಸಿ.

– ಒಬ್ಬ ರೈತ, ಭರಮಸಾಗರ